ಹಣಿ ಮಾತ್ರ ತೊಳೀಬ್ಯಾಡ

ನನ್ನ ಹೊಲಿಗೆ ಮಷೀನಿನ ಮೇಲೆ ಒಂದು ವಾರದಿಂದ ಕೆಂಪು ಮಖಮಲ್ಲಿನ ತುಂಡೊಂದು ಬಿದ್ದುಕೊಂಡಿದೆ. ಕುದುರೆಯ ಹಣೆಪಟ್ಟಿಗೆಂದು ಕೊಟ್ಟದ್ದು. ಜರಿ ಬಂದಿದೆ, ಮಣಿ ಬಂದಿವೆ, ಕತ್ತರಿ ಹಿಡಿಯಲು ಮಾತ್ರ ಕೈ ಬರುತ್ತಿಲ್ಲ. ಹಬ್ಬದ ಬಟ್ಟೆ ಹೊತ್ತಿಗೆ ಸರಿಯಾಗಿ ಕೊಡದೆ ಊರೆಲ್ಲರ ಕೈಲಿ ಬೈಸಿಕೊಳ್ಳುವ ನನಗೆ ತಡ ಮಾಡುವುದು ಹೊಸದೇನಲ್ಲ. ಆದರೆ ಈ ಸಲದ ತಡ ಸೋಮಾರಿತನದ್ದಲ್ಲ. ಆ ಬಟ್ಟೆ ಮುಟ್ಟಿದಾಗೆಲ್ಲ ಖಾಲಾ ನೆನಪಾಗುತ್ತಾರೆ. ಖಾಲಾ ನೆನಪಾದರೆ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ.

ಖಾಲಾ ಎಂದರೆ ಚಿಕ್ಕಮ್ಮ. ನಾನು ಶಿಂಪಿಯವರ ಮಗ, ಅವರು ಮದುವೆಗೆ ಕುದುರೆ ಕಟ್ಟುವ ಮುಸಲ್ಮಾನರ ಮನೆಯ ಸೊಸೆ. ರಕ್ತಸಂಬಂಧದ ಮಾತೇ ಇಲ್ಲ. ಆದರೆ ನಮ್ಮ ಗಲ್ಲಿಯಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಅವರು ಖಾಲಾನೇ. ಆಳಂದದಲ್ಲಿ ನನ್ನ ಅಂಗಡಿಯ ಬೆನ್ನಿಗೇ ಅವರ ಅಂಗಳ. ಒಂದು ಬದಿಗೆ ಖಾಲಾ, ಇನ್ನೊಂದು ಬದಿಗೆ ಮೈದುನನ ಸಂಸಾರ, ನಡುವೆ ಬೇವಿನ ಮರದ ಕೆಳಗೆ ಕುದುರೆ. ಸುತ್ತಲಿನ ಊರುಗಳಲ್ಲಿ ಯಾವ ಜಾತಿಯ ಮದುಮಗನೇ ಆಗಲಿ, ಕುದುರೆ ಏರಬೇಕೆಂದರೆ ಆ ಅಂಗಳಕ್ಕೇ ಬರಬೇಕಿತ್ತು.

ಎತ್ತರದ ಹೆಂಗಸು. ಎಡಗಾಲು ಸ್ವಲ್ಪ ಎಳೆದು ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ಮಾಳಿಗೆಯಿಂದ ಬಿದ್ದದ್ದಂತೆ. ಸಲ್ವಾರಿನ ಮೇಲೆ ಗಂಡನ ಹಳೆಯ ಅಂಗಿ, ಸೊಂಟಕ್ಕೆ ಬಿಗಿದ ಓಢಣಿ, ಕಾಲಿಗೆ ಕ್ಯಾನ್ವಾಸ್ ಬೂಟು. ಚಹಾ ಕುಡಿದರೆ ಗ್ಲಾಸಿನ ತಳದಲ್ಲಿ ಸಕ್ಕರೆ ಉಳಿಯಬೇಕು, ಇಲ್ಲದಿದ್ದರೆ ಕೊಟ್ಟವರ ಮನೆತನವನ್ನೇ ವಿಚಾರಿಸುತ್ತಿದ್ದರು. ಬಾಯಿ ಜೋರು. ಹಿಂದಿನಿಂದ ಬಂದು ಹಾರ್ನ್ ಹೊಡೆದ ಬಸ್ಸಿನ ಡ್ರೈವರನನ್ನು ಕೆಳಗಿಳಿಸಿ, ಅವನಿಂದಲೇ ಕುದುರೆಯ ಕುತ್ತಿಗೆ ಸವರಿಸಿ, ಆಮೇಲೆ ಹೋಗಲು ಬಿಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅವರದೊಂದು ಅಭ್ಯಾಸವಿತ್ತು. ಯಾರ ಜೊತೆ ಮಾತಿಗೆ ನಿಂತರೂ ಅವರ ಮಣಿಕಟ್ಟು ಹಿಡಿದುಕೊಳ್ಳುವುದು. ಕುದುರೆಯ ದವಡೆಯ ಕೆಳಗೆ ಬೆರಳಿಟ್ಟು ನಾಡಿ ನೋಡಿ ನೋಡಿ ಆ ಬೆರಳುಗಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. "ಕುರ್ತಾ ನಾಳಿಗಿ ಖರೇನ ಕೊಡ್ತೇನಿ ಖಾಲಾ" ಎಂದು ನಾನು ಹೇಳುತ್ತಿದ್ದರೆ ಅವರು ಕಣ್ಣು ಮುಚ್ಚಿ ನನ್ನ ನಾಡಿ ಹಿಡಿದು, "ಸುಳ್ಳ ಹೇಳಾಕತ್ತಿ ತಮ್ಮಾ, ಒಳಗ ದೌಡ ಹೊಡ್ಯಾಕತ್ತದ" ಎನ್ನುತ್ತಿದ್ದರು. ನನ್ನ ಹೆಂಡತಿಗೂ ಗೊತ್ತಾಗದ ನನ್ನ ಸುಳ್ಳುಗಳನ್ನು ಅವರು ಹಾಗೆ ಹಿಡಿದುಬಿಡುತ್ತಿದ್ದರು. ಅದಕ್ಕೇ ನಾನು ಅವರ ಜೊತೆ ಮಾತಾಡುವಾಗ ಎರಡೂ ಕೈಯನ್ನು ಬಟ್ಟೆಯ ಗಂಟಿನಲ್ಲಿ ಹುಗಿದುಕೊಳ್ಳುತ್ತಿದ್ದೆ.

ಪಂಚಾಂಗ ಅವರಿಗೆ ಬಾಯಿಪಾಠ. ಮದುವೆಯ ಕುದುರೆ ಇಟ್ಟವರಿಗೆ ಮುಹೂರ್ತಗಳೇ ಸುಗ್ಗಿಯಲ್ಲವೆ? ನಮ್ಮ ಅಕ್ಕನ ಮಗಳ ಮದುವೆಗೆ ದಿನ ನೋಡಲು ಬಂದ ಅಯ್ಯನವರು ಕನ್ನಡಕ ಹುಡುಕುತ್ತಿದ್ದಾಗ ಖಾಲಾ ಗೋಡೆಯಾಚೆಯಿಂದಲೇ ಕೂಗಿದ್ದರು: "ಸೋಮಾರ ಬ್ಯಾಡ್ರಿ ಅಯ್ಯನವರ, ಅವತ್ತ ಮುಹೂರ್ತ ಇಲ್ಲ. ಗುರುವಾರ ಭಾಳ ಚಲೋ ಅದ." ಅಯ್ಯನವರು ಕನ್ನಡಕ ಸಿಕ್ಕಮೇಲೆ ನೋಡಿ ಗುರುವಾರವೇ ಅಂದರು.

ಇನ್ನು ಚಾಂದನಿಯ ವಿಷಯ. ಹಾಲಿನಂಥ ಬಿಳಿ ಹೆಣ್ಣುಕುದುರೆ. ಅದನ್ನು ಖಾಲಾನ ಯಜಮಾನರು ಎಲ್ಲಿಂದಲೋ ತಂದ ಮರುದಿನವೇ ನನ್ನ ಅಂಗಡಿಗೆ ಬಂದು, ಧ್ವನಿ ತಗ್ಗಿಸಿ, ಹಣೆಪಟ್ಟಿಯೊಂದನ್ನು ಹೊಲಿಯಲು ಹೇಳಿದರು. "ಅಗಲ ಮಾಡು. ಇನ್ನೂ ಅಗಲ. ಕಣ್ಣಿನ ತನಕ ಬರ್ಲಿ." ಅಳತೆ ತೆಗೆಯಲು ಹೋದಾಗ ಕಾರಣ ತಿಳಿಯಿತು. ಎಲ್ಲ ಕುದುರೆಗೂ ಹಣೆಯ ನಡುವೆ ಒಂದು ಸುಳಿ ಇರುತ್ತದೆ. ಚಾಂದನಿಗೆ ಎರಡು, ಒಂದರ ಕೆಳಗೊಂದು. ಕೆಳಗಿನ ಸುಳಿ ಯಜಮಾನನನ್ನು ತಿನ್ನುತ್ತದೆ ಎಂದು ಕುದುರೆಯವರಲ್ಲಿ ನಂಬಿಕೆ. ನಾನು ದೂರದಲ್ಲೇ ನಿಂತು ಕಣ್ಣಳತೆಯಲ್ಲಿ ಹೊಲಿದುಕೊಟ್ಟೆ. ಕುದುರೆಯೆಂದರೆ ನನಗೆ ಮೊದಲಿನಿಂದಲೂ ಎದೆ ನಡುಕ. ಅದಕ್ಕೆ ಸುಳಿಯೇ ಬೇಕೆಂದಿಲ್ಲ, ಹಲ್ಲು ಸಾಕು.

ಆ ಅಗಲದ ಪಟ್ಟಿ ಕಟ್ಟಿಕೊಂಡು ಚಾಂದನಿ ಎಷ್ಟು ಮದುವೆಗಳಲ್ಲಿ ಕುಣಿದಳೋ! ಬಾಜಾ ಶುರುವಾದರೆ ಸಾಕು, ಕುತ್ತಿಗೆ ಬಿಲ್ಲಾಗಿ ಬಾಗಿ, ಮುಂಗಾಲು ಎತ್ತೆತ್ತಿ ಇಟ್ಟು, ನಿಂತ ಜಾಗ ಬಿಡದೆ ಕುಣಿಯುತ್ತಿದ್ದಳು. ಆಮೇಲೊಂದು ಬೇಸಿಗೆ, ನರೋಣಾದಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಖಾಲಾನ ಯಜಮಾನರು ಎದೆ ಹಿಡಿದುಕೊಂಡು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತವರು ಮೇಲೇಳಲಿಲ್ಲ. ಜನ ಸೇರುವ ತನಕ ಚಾಂದನಿ ಅವರ ಮೇಲೆ ನೆರಳು ಬೀಳುವಂತೆ ಅಲುಗಾಡದೆ ನಿಂತಿದ್ದಳಂತೆ. ಯಾರೋ ಪಾಪ, ಬಿಸಿಲಿಗೆ ಸೊರಗಿದೆಯೆಂದು ಕುದುರೆಯ ಸಿಂಗಾರವನ್ನೆಲ್ಲ ಬಿಚ್ಚಿದರು. ಹಣೆಪಟ್ಟಿಯೂ ಬಿಚ್ಚಿತು. ಸಂಜೆಯೊಳಗೆ ಸುಳಿಯ ಸುದ್ದಿ ಆಳಂದ ಮುಟ್ಟಿತ್ತು. ಹೆಣ ಇನ್ನೂ ಬಂದಿರಲಿಲ್ಲ.

ಆಮೇಲೆ ಒಂದೇ ಒಂದು ಮದುವೆಗೂ ಚಾಂದನಿಯನ್ನು ಯಾರೂ ಕೇಳಲಿಲ್ಲ. ಖಾಲಾರನ್ನೂ ಶುಭಕಾರ್ಯಕ್ಕೆ ಕರೆಯುವುದು ಕಡಿಮೆಯಾಯಿತು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ, ಆದರೆ ಕುದುರೆಯ ಲೆಕ್ಕದಲ್ಲಿ ಅವರನ್ನೂ ಸೇರಿಸಿಬಿಟ್ಟಿದ್ದರು. ಮುಹೂರ್ತದ ದಿನ ಬೀದಿಯಲ್ಲಿ ಬಾಜಾ ಕೇಳಿಸಿದರೆ ಅಂಗಳದಲ್ಲಿ ಕಟ್ಟಿಹಾಕಿದ ಚಾಂದನಿ ಅಲ್ಲೇ ಕಾಲೆತ್ತಿ ಕುಣಿಯುತ್ತಿದ್ದಳು. ಖಾಲಾ ಒಳಗೆ ಹೋಗಿ ರೇಡಿಯೋ ದೊಡ್ಡದಾಗಿ ಹಚ್ಚುತ್ತಿದ್ದರು. ಅದನ್ನು ಕೇಳಿಸಿಕೊಂಡು ಮಷೀನ್ ತುಳಿಯುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಮೈದುನ ಕೆಟ್ಟವನಲ್ಲ. ಆದರೆ ಅವನಿಗೆ ಒಬ್ಬನೇ ಮಗ. ಅವನ ಹೆಂಡತಿಗೆ ಆ ಸುಳಿಯ ಭಯ ಹಗಲೂ ಇರುಳೂ. ಕೊನೆಗೊಂದು ದಿನ ಅವನು ಹೇಳಿಯೇಬಿಟ್ಟ: "ಭಾಬಿ, ಇನ್ನ ಸಾಕ್ರಿ. ಸೋಲಾಪುರದ ಆ ಕಡಿ ಯಾರಿಗರ ಕೊಟ್ಟ ಬಿಡೋಣ. ಮನ್ಯಾಗ ಇನ್ನೊಂದ ಹೆಣ ಬೀಳೋದ ಬ್ಯಾಡ."

ಖಾಲಾ ಅವನ ಮಣಿಕಟ್ಟು ಹಿಡಿದರು. ಅವನು ನಿಜವಾಗಿಯೂ ಹೆದರಿದ್ದಾನೆಂದು ಅವರ ಬೆರಳಿಗೆ ತಿಳಿದಿರಬೇಕು, ಬೈಯಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಭಾಗದ ಕುದುರೆಯವರೆಲ್ಲ ಸೇರಿ ಒಂದು ದೂರದ ಸವಾರಿ ಗೊತ್ತುಮಾಡಿದ್ದರು. ಮೊದಲ ದಿನ ಆಳಂದದಿಂದ ಅಫಜಲಪುರ. ಎರಡನೆಯ ದಿನ ಅಲ್ಲಿಂದ ಅತನೂರ ಹಾಯ್ದು, ಭೀಮಾ ದಾಟಿ ಜೇವರ್ಗಿ. ಇದು ಬರಿ ಓಟದ ಪಂದ್ಯವಲ್ಲ. ತಂಗುವ ಕಡೆಯೆಲ್ಲ ದನದ ಡಾಕ್ಟರು ಕುದುರೆಯ ಎದೆಬಡಿತ ನೋಡುತ್ತಾರೆ. ಬಂದು ನಿಂತ ಸ್ವಲ್ಪ ಹೊತ್ತಿನಲ್ಲಿ ಅದು ಇಳಿಯಬೇಕು. ಕುದುರೆಯನ್ನು ಕೈಯಲ್ಲಿ ಹಿಡಿದು ಓಡಿಸಿದರೆ ಕುಂಟಬಾರದು. ಹೊತ್ತು ಮುಳುಗುವುದರೊಳಗೆ ಮುಟ್ಟಬೇಕು. ಕುದುರೆ ಸೋತಿದ್ದರೆ ಮೊದಲು ಬಂದವನೂ ಲೆಕ್ಕಕ್ಕಿಲ್ಲ.

"ನಾನೂ ಹೋಗ್ತೇನಿ, ಆಕೀನೂ ಬರ್ತಾಳ" ಎಂದರು ಖಾಲಾ ಮೈದುನನಿಗೆ. "ಇಬ್ಬರೂ ಸಾಬೂತ, ಸುಖರೂಪ ಜೇವರ್ಗಿ ಮುಟ್ಟಿದ್ರ ಚಾಂದನಿ ಇದೇ ಗಿಡದ ಕೆಳಗ ಸಾಯೋತನಕಾ ಇರ್ತಾಳ. ಆಕಿ ದಾರ್‍ಯಾಗ ಬಿದ್ಲೋ, ನಾ ಬಿದ್ನೋ, ಹೊಡ್ಕೊಂಡ ಹೋಗು. ಒಂದ ಮಾತ ಆಡೂದಿಲ್ಲ."

ಮೈದುನ ಒಪ್ಪಿದ. ಗಲ್ಲಿಯವರೆಲ್ಲ ನಕ್ಕರು. ಮದುವೆಯಲ್ಲಿ ಕುಣಿಯುವ ಕುದುರೆ, ಕಾಲೆಳೆಯುವ ಹೆಂಗಸು, ಅದೂ ಎರಡು ದಿನದ ದಾರಿ! ನಾನೂ ಒಳಗೊಳಗೆ ನಕ್ಕೆ. ಆದರೆ ನೀರು ಹೊತ್ತುಕೊಂಡು ಹಿಂದೆ ಬರಲು ಒಂದು ಸ್ಕೂಟರ್ ಬೇಕಿತ್ತು, ಗಲ್ಲಿಯಲ್ಲಿ ಪೆಟ್ರೋಲಿದ್ದ ಸ್ಕೂಟರ್ ನನ್ನದೊಂದೇ ಆಗಿತ್ತು.

ದಸರೆ ಕಳೆದಮೇಲೆ ತಯಾರಿ ಶುರುವಾಯಿತು. ಮೊದಮೊದಲು ಬರೀ ನಡಿಗೆ. ಸರಸಂಬಾ ದಾರಿಯಲ್ಲಿ ಹೋಗುವುದು, ಬರುವುದು. ಓಡಿಸುತ್ತಾರೇನೋ ಎಂದು ನೋಡಲು ಹೋದವರು ಬೇಸರವಾಗಿ ತಿರುಗಿ ಬಂದರು. "ಇಷ್ಟ ದಿನಾ ನಿಂತಲ್ಲೇ ಹರದಾರಿ ಓಡ್ಯಾಳ" ಎನ್ನುತ್ತಿದ್ದರು ಖಾಲಾ. "ಈಗ ಹರದಾರಿ ಓಡಿ ಬಂದ್ರೂ ನಿಂತಾಕಿಗತೆ ಇರೋದ ಕಲೀಬೇಕು." ಬಿಲ್ಲಿನಂತೆ ಬಾಗಿದ ಕುತ್ತಿಗೆಯನ್ನು ಸಡಿಲ ಬಿಟ್ಟು, ತಲೆ ತಗ್ಗಿಸಿ, ಉದ್ದುದ್ದ ಹೆಜ್ಜೆ ಹಾಕುವುದನ್ನು ಚಾಂದನಿ ನಿಧಾನಕ್ಕೆ ಕಲಿತಳು. ಅದಾದಮೇಲೆ ದುಲಕಿ, ಅಂದರೆ ಸವಾರನೂ ಕುದುರೆಯೂ ದಣಿಯದ ಸಣ್ಣ ಓಟ. ಆಮೇಲೆ ಉತ್ತ ಎರೆಹೊಲದ ಸಡಿಲ ಮಣ್ಣಿನಲ್ಲಿ ಸ್ವಲ್ಪ ನಡಿಗೆ, ಕಾಲು ಗಟ್ಟಿಯಾಗಲೆಂದು. ದುಡಿಸಿದ ಮರುದಿನ ಕಡ್ಡಾಯವಾಗಿ ಬಿಡುವು.

ತಿರುಗಿ ಬಂದಮೇಲಿನ ಪೂಜೆಯೇ ದೊಡ್ಡದು. ನಾಲ್ಕೂ ಕಾಲನ್ನು ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿ ಎಲ್ಲಾದರೂ ಬಿಸಿ ಇದೆಯೇ ನೋಡುವುದು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟು, ತಟ್ಟನೆ ಕೂತುಕೊಂಡಿತೇ ನೋಡುವುದು. ತಡವಾಗಿ ಕೂತರೆ ಮೈಯಲ್ಲಿ ನೀರು ಕಡಿಮೆ. ತುಟಿ ಎತ್ತಿ ಒಸಡು ಒತ್ತಿ, ಬಣ್ಣ ಮರಳಿತೇ ನೋಡುವುದು. ಕೊನೆಗೆ ಹೊಟ್ಟೆಗೆ ಕಿವಿಯಿಡುವುದು. "ಹೊಟ್ಟಿ ಗುಡುಗುಡು ಅಂತ ಮಾತಾಡಬೇಕು ತಮ್ಮಾ. ಸುಮ್ನಾತಂದ್ರ ಫಿಕರ್. ಬಾ, ನೀನೂ ಕಿವಿ ಇಡು." ನಾನು ಅಷ್ಟು ದೂರದಿಂದಲೇ ಕೇಳಿಸುತ್ತಿದೆ ಎಂದೆ. ಅವರು ನನ್ನ ಮಣಿಕಟ್ಟು ನೋಡಿದರು, ಒತ್ತಾಯ ಮಾಡಲಿಲ್ಲ.

ನನ್ನ ಸ್ಕೂಟರಿಗೆ ಬಿದ್ದ ಕೆಲಸ ಮಾತ್ರ ಯಾರಿಗೆ ಹೇಳಿದರೂ ನಂಬುವುದಿಲ್ಲ. ಕೆಲವು ಕುದುರೆಗಳು ಪರಊರಿನ ನೀರು ಮೂಸಿ ಮುಖ ತಿರುಗಿಸುತ್ತವಂತೆ. ದೂರದ ದಾರಿಯಲ್ಲಿ ಅದೇ ಪ್ರಾಣಕ್ಕೆ ಎರವು. ಅದಕ್ಕೆ ಖಾಲಾ ನನ್ನಿಂದ ಊರೂರ ನೀರು ತರಿಸಿದರು. ಸರಸಂಬಾದ ಬಾವಿಯ ನೀರು, ನರೋಣಾದ ಬೋರಿನ ನೀರು, ಹಳ್ಳದ ಕದಡಿದ ನೀರು, ಒಮ್ಮೆ ಭೀಮೆಯ ನೀರು ಕೂಡ. ಒಂದು ದಿನ ಹಿತ್ತಾಳೆ ಕೊಡದಲ್ಲಿ, ಇನ್ನೊಂದು ದಿನ ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಟ್ಟು ಕುಡಿಸುತ್ತಿದ್ದರು. ನರೋಣಾದ ನೀರನ್ನು ಚಾಂದನಿ ಮೂಸಿ ನೋಡಿ ನಿಂತುಬಿಟ್ಟಳು. ಖಾಲಾ ಬಕೆಟ್ಟಿನ ಪಕ್ಕ ಕೂತು, ತಾವೇ ಬೊಗಸೆಯಿಂದ ಆ ನೀರು ಕುಡಿದರು. ಯಜಮಾನರು ಹೋದ ಊರಿನ ನೀರು ಅದು. ಸ್ವಲ್ಪ ಹೊತ್ತಿಗೆ ಚಾಂದನಿಯೂ ಬಾಯಿಟ್ಟಳು. ನಾನು ಕ್ಯಾನು ತೊಳೆಯುವ ನೆಪದಲ್ಲಿ ಆಚೆ ಹೋದೆ.

ಜೀನಿನ ಕೆಳಗೆ ಹಾಸುವ ಗಾದಿಯನ್ನು ಹೊಲಿದದ್ದು ನಾನು. ಮೂರು ಸಲ ಬಿಚ್ಚಿಸಿದರು. ಹೊಲಿಗೆ ಎಲ್ಲೂ ಬೆನ್ನಿಗೆ ತಾಗಬಾರದು; ಮದುವೆಯ ಒಂದು ತಾಸಿನಲ್ಲಿ ಗೊತ್ತಾಗದ ಗಂಟು ಎರಡು ದಿನದಲ್ಲಿ ಹುಣ್ಣಾಗುತ್ತದೆ. ನಾಲ್ಕನೆಯ ಸಲ ಕಣ್ಣು ಮುಚ್ಚಿ ಇಡೀ ಗಾದಿಯ ಮೇಲೆ ಕೈಯಾಡಿಸಿ, "ಇದು ನಿನ್ನ ಜಿಂದಗಿದಾಗ ನೀ ಹೊಲದ ಒಂದ ಚಲೋ ವಸ್ತು" ಎಂದರು. ಹೊಗಳಿಕೆಯೋ ಬೈಗುಳವೋ, ನಾನು ಖುಷಿಪಟ್ಟೆ. ಹಣೆಪಟ್ಟಿ ಬೇಕೇ ಎಂದು ಕೇಳಿದೆ. "ಬ್ಯಾಡ. ಬೆವರ ಹೋಗಾಕ ಹಣಿ ಖುಲ್ಲಾ ಇರ್ಬೇಕು" ಎಂದರು. ಗಾದಿ ಮಡಚುತ್ತ, "ಭಾಳ ವರ್ಷ ಮುಚ್ಚಿದ್ವಿ" ಎಂದರು.

ಮೊದಲ ದಿನ ನಾನು ಕಂಡದ್ದನ್ನು ಹೇಗೆ ಹೇಳಲಿ? ಆಳಂದದ ಹೊರಗೆ ಸೇರಿದ ಕುದುರೆಗಳೆಲ್ಲ ಬಿಟ್ಟಕೂಡಲೇ ಧೂಳೆಬ್ಬಿಸಿ ಓಡಿದವು. ಖಾಲಾ ಮಾತ್ರ ಸಂತೆಗೆ ಹೊರಟವರಂತೆ ನಡೆಸಿಕೊಂಡು ಹೊರಟರು. ನಾನು ಸ್ಕೂಟರಿನಲ್ಲಿ ಪಕ್ಕಕ್ಕೆ ಬಂದು, "ಎಲ್ಲಾರೂ ಹೋದ್ರು ಖಾಲಾ" ಎಂದು ಕೂಗಿದೆ. "ಹೋಗ್ಲಿ ಬಿಡು. ಶುರುವಿನ ದಾರಿ ಕುದರೀದಲ್ಲ, ನಮ್ಮ ಸಬರಿಂದು, ತಾಳ್ಮೀದು" ಎಂದರು. ಮೈ ಬಿಸಿಯಾದಮೇಲೆ ದುಲಕಿಗೆ ಹಾಕಿದರು. ತೊಗರಿ ಕೊಯ್ದ ಹೊಲಗಳು, ತೆನೆಹೊತ್ತ ಬಿಳಿಜೋಳ, ನಡುವೆ ಆ ಬಿಳಿ ಕುದುರೆ ಒಂದೇ ತಾಳದಲ್ಲಿ. ಏರಿನಲ್ಲಿ ಇಳಿದು ತಾವೂ ನಡೆದರು. ನೀರು ಕಂಡಲ್ಲೆಲ್ಲ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಮುಂದೆ ಹೋದ ಕುದುರೆಗಳು ಒಂದೊಂದಾಗಿ ಮರದ ನೆರಳಲ್ಲಿ ಪಕ್ಕೆ ಬಡಿಯುತ್ತ ನಿಂತಿದ್ದು ಕಂಡಿತು. ಅಫಜಲಪುರದಲ್ಲಿ ಚಾಂದನಿಯ ಎದೆಗೆ ಕೊಳವೆಯಿಟ್ಟ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು, ತಲೆಯೆತ್ತಿ, "ಬಡಿತ ಇಷ್ಟ ಕಡಿಮಿ ಅದ, ಇದು ಇವತ್ತೇ ಆಳಂದದಿಂದ ಬಂದಿದ್ದೇನ್ರಿ?" ಎಂದು ಕೇಳಿದರು. ನನಗೆ ಯಾಕೋ ಎದೆಯುಬ್ಬಿ, ಕಣ್ಣು ತುಂಬಿ ಬಂತು.

ದಾರಿಯುದ್ದಕ್ಕೂ ಖಾಲಾ ಕುದುರೆಯ ಜೊತೆ ಮಾತಾಡುತ್ತಲೇ ಇದ್ದರು. ಯಾವ ಬೀಗರ ಮನೆಯ ಬಿರಿಯಾನಿ ಉಪ್ಪಾಗಿತ್ತು, ಯಾವ ಮದುಮಗ ಹೆದರಿ ಕುದುರೆಯ ಕುತ್ತಿಗೆ ತಬ್ಬಿಕೊಂಡಿದ್ದ, ಇಂಥವೇ. ಯಾಕೆಂದು ಕೇಳಿದೆ. "ಆಕಿ ಕಿವಿ ನೋಡು. ಒಂದ ನನ್ನ ಕಡಿ, ಒಂದ ದಾರಿ ಕಡಿ ಇದ್ರ ಬರಾಬರ್. ಎರಡೂ ಜೋತ ಬಿದ್ವಂದ್ರ ದಮ್ ಮುಗೀತು. ಆವಾಗ ಮ್ಯಾಲ ಕುಂತವ್ರು ಇಳೀಬೇಕು."

ಎರಡನೆಯ ದಿನ ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಅತನೂರ ಹತ್ತಿರವಾಯಿತು. ಊರೊಳಗಿಂದ ಬಾಜಾ ಕೇಳಿಸಿತು.

ಖಾಲಾ ಲಗಾಮು ಹಿಡಿದು ನನ್ನ ಕಡೆ ತಿರುಗಿದರು. ಮುಖ ಬಿಳಿಚಿಹೋಗಿತ್ತು. "ಇವತ್ತ ಮುಹೂರ್ತ ಅದ ಏನೋ?"

ಇತ್ತು. ಮಾಘದ ದೊಡ್ಡ ಮುಹೂರ್ತ. ಊರಿಗೆಲ್ಲ ಮುಹೂರ್ತ ಹೇಳುತ್ತಿದ್ದ ಹೆಂಗಸು ಅದನ್ನು ನೋಡಿರಲಿಲ್ಲ. ಯಾರೂ ಕರೆಯದಾದಮೇಲೆ ಪಂಚಾಂಗ ತೆರೆಯುವುದನ್ನೇ ಬಿಟ್ಟಿದ್ದರು. ಮದುವೆಯ ಬಟ್ಟೆ ಹೊಲಿದು ಕೊಟ್ಟು ಬಂದ ನನಗೂ ಹೊಳೆದಿರಲಿಲ್ಲ.

ಚಾಂದನಿಯ ಕುತ್ತಿಗೆ ಆಗಲೇ ಬಿಲ್ಲಾಗಿತ್ತು. ಖಾಲಾ ಎಳೆದರು, ಬೈದರು, ಬೇಡಿಕೊಂಡರು. ಅಷ್ಟು ತಿಂಗಳು ಕಲಿಸಿದ್ದೆಲ್ಲ ಆ ಬಾಜಾದ ಒಂದು ಏಟಿಗೆ ಹಾರಿಹೋಯಿತು. ಹಣಮಪ್ಪನ ಗುಡಿಯಿಂದ ಮೆರವಣಿಗೆ ಹೊರಟಿತ್ತು. ಹೂವಿನ ಜೀಪಿನಲ್ಲಿ ಮದುಮಗ, ಮುಂದೆ ಬಾಜಾದವರು. ಚಾಂದನಿ ನೇರ ಹೋಗಿ ಜೀಪಿನ ಮುಂದೆ, ತನ್ನದೇ ಜಾಗವೆಂಬಂತೆ ನಿಂತು, ಕಾಲೆತ್ತಿದಳು.

"ಖಾಲಾ, ಇಳದ ಎಳೀರಿ! ದಮ್ ಹೋಗ್ತದ!" ಎಂದು ನಾನು ಚೀರಿದೆ. ಚಾಂದನಿ ಸೋತರೆ ಏನಾಗುವುದೆಂದು ಇಬ್ಬರಿಗೂ ಗೊತ್ತಿತ್ತು.

ಖಾಲಾ ಕುದುರೆಯ ಕಿವಿ ನೋಡಿದರು. ಎರಡೂ ನೆಟ್ಟಗೆ ಮುಂದಕ್ಕೆ ನಿಂತಿದ್ದವು. ಅವರ ಮುಖದಲ್ಲಿ ಏನೋ ಸಡಿಲವಾಯಿತು. "ಮೂರ ವರ್ಷ ಆತು ತಮ್ಮಾ, ಯಾರೂ ಕರದಿಲ್ಲ ಆಕಿನ್ನ" ಎಂದರು. ಲಗಾಮು ಬಿಟ್ಟರು.

ಚಾಂದನಿ ಕುಣಿದಳು. ಬಾಜಾದವರಿಗೆ ಹುಚ್ಚೇ ಹಿಡಿಯಿತು. ಮದುಮಗ ಜೀಪಿನಲ್ಲಿ ಎದ್ದುನಿಂತ, ಹೆಂಗಸರು ಮಾಳಿಗೆಗಳ ಮೇಲಿಂದ ಅಕ್ಕಿ ಎರಚಿದರು. ಜೀನಿನ ಮೇಲೆ ಗಂಡನ ಅಂಗಿ ತೊಟ್ಟ ಖಾಲಾ, ಬೆನ್ನು ನೆಟ್ಟಗೆ ಮಾಡಿ, ರಾಜರ ಮನೆಯವರ ಹಾಗೆ ಕೂತಿದ್ದರು. ನಾನು ಅಷ್ಟು ಚಂದದ ದೃಶ್ಯ ಇನ್ನೊಂದು ಕಂಡಿಲ್ಲ, ಅಷ್ಟು ಭಯವನ್ನೂ ಪಟ್ಟಿಲ್ಲ.

ಬಾಜಾ ನಿಂತಾಗ ಮದುಮಗನ ಸೋದರತ್ತೆ ಆರತಿ ತಟ್ಟೆ ಹಿಡಿದು ಬಂದರು. "ಕರೀದನ ಬಂದ ಲಕ್ಷ್ಮೀರೀ ಇದು" ಎನ್ನುತ್ತ, ಕುಂಕುಮವನ್ನು ನೀರಲ್ಲಿ ಕಲಸಿ, ಚಾಂದನಿಯ ಹಣೆಯ ಮೇಲೆ ಅಗಲವಾಗಿ ಬಳಿದರು. ಸರಿಯಾಗಿ ಎರಡೂ ಸುಳಿಯ ಮೇಲೆ. ಅವರಿಗೇನು ಗೊತ್ತು? ಗೊತ್ತಿದ್ದ ನಾನು ಖಾಲಾನ ಕಡೆ ನೋಡಿದೆ. ಬಸ್ ಡ್ರೈವರನನ್ನು ಕೆಳಗಿಳಿಸಿದ ಹೆಂಗಸು ಬಾಯಿಗೆ ಓಢಣಿ ಒತ್ತಿಕೊಂಡು ಅಳುತ್ತಿದ್ದರು.

ಊರು ದಾಟಿದಮೇಲೆ ಲೆಕ್ಕ ತೆರಬೇಕಾಯಿತು. ಚಾಂದನಿಯ ಮೈ ಬೆವರಿನಿಂದ ತೊಟ್ಟಿಕ್ಕುತ್ತಿತ್ತು. ನೆರಳಲ್ಲಿ ನಿಲ್ಲಿಸಿ, ಜೀನು ಬಿಚ್ಚಿ, ಉಪ್ಪು ಕಲಸಿದ ತೌಡು ತಿನ್ನಿಸಿ, ನಾನು ತಂದ ನೀರನ್ನೆಲ್ಲ ಮೈಮೇಲೆ ಸುರಿದೆವು. ನಾನು ಒದ್ದೆ ಬಟ್ಟೆ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಕುದುರೆಯ ಮುಖದ ಹತ್ತಿರ ಕೈ ಚಾಚಿದೆ. ತಲೆ ತಂಪಾದರೆ ಎದೆಬಡಿತ ಬೇಗ ಇಳಿಯುತ್ತದೆಂದು ಅವರೇ ಕಲಿಸಿದ್ದರು. ಖಾಲಾ ನನ್ನ ಕೈ ಹಿಡಿದರು.

"ಎಲ್ಲಾ ತೊಳಿ. ಹಣಿ ಮಾತ್ರ ತೊಳೀಬ್ಯಾಡ."

ಅಲ್ಲಿಂದಾಚೆ ನಿಧಾನ. ಬಿಸಿಲಲ್ಲಿ ಬರೀ ನಡಿಗೆ, ತಂಪು ಗಾಳಿ ಬಂದಾಗ ಸ್ವಲ್ಪ ದುಲಕಿ, ಮತ್ತೆ ನಡಿಗೆ. ಎಲ್ಲರೂ ನಮ್ಮನ್ನು ದಾಟಿ ಹೋದರು. ಹೊತ್ತು ಇಳಿಯುತ್ತಿತ್ತು. ನಾನು ಸೂರ್ಯನನ್ನು ನೋಡುತ್ತಿದ್ದೆ, ಖಾಲಾ ಕಿವಿಗಳನ್ನು. ಭೀಮಾ ಸೇತುವೆ ಕಂಡಾಗ ಚಾಂದನಿಯ ಎರಡೂ ಕಿವಿ ಪಕ್ಕಕ್ಕೆ ಜೋತುಬಿದ್ದವು. ಖಾಲಾ ಮಾತು ನಿಲ್ಲಿಸಿ ಇಳಿದುಬಿಟ್ಟರು. ಹೊಟ್ಟೆಪಟ್ಟಿ ಸಡಿಲಿಸಿದರು, ಜೀನನ್ನು ತೆಗೆದು ನನ್ನ ಸ್ಕೂಟರಿನ ಮೇಲಿಟ್ಟರು. ಲಗಾಮು ಹಿಡಿದು ನಡೆಯತೊಡಗಿದರು.

"ಖಾಲಾ, ನಿಮ್ಮ ಕಾಲು..."

"ಕಾಲ ನನ್ನವು. ನೀ ನೀರ ತುಂಬಕೊಂಡ ಮುಂದ ನಡಿ."

ಲಾರಿಗಳು ಧಡಧಡ ಹಾಯುವ ಆ ಸೇತುವೆಯ ಮೇಲೆ, ಕಾಲೆಳೆಯುತ್ತ ಒಬ್ಬ ಹೆಂಗಸು, ಅವರ ಹೆಗಲಿಗೆ ಮೂತಿ ತಾಗಿಸಿಕೊಂಡು ಒಂದು ಬಿಳಿ ಕುದುರೆ. ಸೇತುವೆಯಾಚೆಯೂ ಜೇವರ್ಗಿ ಅಷ್ಟು ಹತ್ತಿರವೇನಲ್ಲ. ಅವರು ಒಂದು ಸಲವೂ ನಿಲ್ಲಲಿಲ್ಲ. ಸ್ವಲ್ಪ ದೂರ ಹೋದಮೇಲೆ ಮತ್ತೆ ಬೀಗರ ಬಿರಿಯಾನಿಯ ಕಥೆ ಶುರುಮಾಡಿದ್ದು ಕೇಳಿಸಿತು. ಹಿಂದಿರುಗಿ ನೋಡಿದೆ. ಚಾಂದನಿಯ ಒಂದು ಕಿವಿ ಅವರ ಕಡೆ ತಿರುಗಿತ್ತು. ಮನುಷ್ಯರಿಗೆ ಇಷ್ಟೊಂದು ಗಟ್ಟಿತನ ಎಲ್ಲಿಂದ ಬರುತ್ತದೆ ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಜೇವರ್ಗಿ ಮುಟ್ಟಿದಾಗ ಸೂರ್ಯ ಮನೆಗಳ ಹಿಂದೆ ಇಳಿದಿದ್ದ, ಮುಳುಗಿರಲಿಲ್ಲ. ಎಲ್ಲರಿಗಿಂತ ಕೊನೆಯವರು ನಾವು. ಟೆಂಪೋ ತೆಗೆದುಕೊಂಡು ಮೈದುನ ಬಂದು ಕಾಯುತ್ತಿದ್ದ. ಬೆವರಿಗೆ ಇಳಿದ ಕುಂಕುಮ ಚಾಂದನಿಯ ಮೂಗಿನ ತನಕ ಹರಿದಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಡಾಕ್ಟರಮ್ಮ ಓಡಿಬಂದರು.

"ಅಯ್ಯೋ, ರಕ್ತ! ಎಲ್ಲಿ ಬಿತ್ರಿ ಇದು?"

"ರಕ್ತ ಅಲ್ರಿ ಡಾಕ್ಟರ ಬಾಯಿ" ಎಂದರು ಖಾಲಾ. "ಕುಂಕುಮ. ಅತನೂರಾಗ ಹಚ್ಯಾರ." ಹೇಳುವಾಗ ಅವರು ನೋಡುತ್ತಿದ್ದುದು ಡಾಕ್ಟರಮ್ಮನನ್ನಲ್ಲ, ಮೈದುನನನ್ನು.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟರು. ಗಡಿಯಾರ ನೋಡುತ್ತ ನಿಂತರು. ಖಾಲಾನ ಎರಡು ಬೆರಳು ಚಾಂದನಿಯ ದವಡೆಯ ಕೆಳಗಿದ್ದವು, ಇನ್ನೊಂದು ಕೈ ನನ್ನ ಮಣಿಕಟ್ಟಿನ ಮೇಲೆ. ಡಾಕ್ಟರಮ್ಮ ಬಾಯಿಬಿಡುವ ಮೊದಲೇ ಖಾಲಾ ನನ್ನ ಕಡೆ ತಿರುಗಿ, "ಆಕೀದ ಇಳೀತು. ನಿಂದ ಇಳೀಲಿಲ್ಲ" ಎಂದರು.

ಉಳಿದದ್ದು ಓಡಿಸಿ ತೋರಿಸುವುದು. ನಾನು ಹಿಂದೆ ಸರಿದೆ. ಖಾಲಾನೇ ಲಗಾಮು ಹಿಡಿದು ಓಡಿದರು, ಅಷ್ಟು ನಡೆದ ಆ ಎಡಗಾಲಿನಲ್ಲಿ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, "ಯಾರೋ ಕುಂಟಾಕತ್ತಾರಲ್ರಿ" ಎಂದರು. ಖಾಲಾ ಏದುಸಿರು ಬಿಡುತ್ತ ಕೂಗಿದರು: "ನನ್ನ ನೋಡಬ್ಯಾಡ್ರಿ, ಆಕಿನ್ನ ನೋಡ್ರಿ!" ಎಲ್ಲರೂ ನಕ್ಕರು. ಚಾಂದನಿ ಒಂದು ಹೆಜ್ಜೆಯೂ ತಪ್ಪದೆ ಓಡಿ ಬಂದು ನಿಂತಳು. ಡಾಕ್ಟರಮ್ಮ ಅವಳ ಕುತ್ತಿಗೆ ತಟ್ಟಿ, ಪಾಸು ಎಂದರು.

ಮೈದುನ ಮಾತಿಗೆ ತಪ್ಪಲಿಲ್ಲ. ಚಾಂದನಿ ಬೇವಿನ ಮರದ ಕೆಳಗೇ ಉಳಿದಳು. ಆದರೂ ಅವನ ಹೆಂಡತಿ ಆ ಮರದ ಬದಿಗೆ ಸುಳಿಯುತ್ತಿರಲಿಲ್ಲ, ಆಳಂದದ ಮದುವೆಗಳೂ ಕರೆಯಲಿಲ್ಲ. ಖಾಲಾಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ದಿನಾ ಬೆಳಿಗ್ಗೆ ಸರಸಂಬಾ ದಾರಿಯಲ್ಲಿ ಅವರಿಬ್ಬರೂ ಮಾತಾಡಿಕೊಂಡು ಹೋಗಿಬರುತ್ತಿದ್ದರು.

ಈ ವರ್ಷ ಖಾಲಾ ತೀರಿಕೊಂಡರು. ಜ್ವರ ಬಂದು, ನೆಮ್ಮದಿಯಿಂದ, ತಮ್ಮ ಹಾಸಿಗೆಯಲ್ಲೇ. ಸುದ್ದಿ ಕೇಳಿದಾಗ ದುಃಖಕ್ಕಿಂತ ಮೊದಲು ನನಗೆ ಬಂದದ್ದು ಭಯ. ಇನ್ನು ಊರು ಬಿಡುತ್ತದೆಯೇ? ಯಜಮಾನನ ಹಿಂದೆ ಯಜಮಾನಿಯನ್ನೂ ಸುಳಿ ತಿಂದಿತು ಎನ್ನುತ್ತಾರೆ, ಮೈದುನ ಟೆಂಪೋ ತರಿಸುತ್ತಾನೆ. ಮಣ್ಣಿಗೆ ಹೋದ ದಿನ ಅಂಗಳದಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ. ನಲವತ್ತನೆಯ ದಿನದ ಊಟಕ್ಕೆ ಕರೆದಾಗಲೂ ಚಾಂದನಿ ಅಲ್ಲಿದ್ದಾಳೋ ಇಲ್ಲವೋ ಎಂದು ಹೆದರುತ್ತಲೇ ಹೋದೆ. ಇದ್ದಳು.

ಹೋದ ವಾರ ಮೈದುನ ಅಂಗಡಿಗೆ ಬಂದ. ಕೆಂಪು ಮಖಮಲ್ಲು ಮಷೀನಿನ ಮೇಲಿಟ್ಟ. ಮುಂದಿನ ತಿಂಗಳು ಅವನ ಮಗನ ಶಾದಿಯಂತೆ, ಆ ಒಬ್ಬನೇ ಮಗನದು.

"ದೂಲ್ಹಾಗ ಕುದರಿ?" ಎಂದು ಕೇಳಿದೆ.

"ಮನ್ಯಾಗ ಚಾಂದನಿ ಇರೂವಾಗ ಪರಊರಿಂದು ಯಾಕ?" ಎಂದ. "ಅವನ ಅಮ್ಮಾನೇ ಹೇಳ್ಯಾಳ, ಭಾಬಿ ಇಷ್ಟ ದಿನಾ ಆಕಿ ಜೋಡಿ ನೆಮ್ಮದೀಲೆ ಬಾಳಿದ್ದ ಕಣ್ಣಾರೆ ನೋಡ್ಯಾಳ. ಹಣಿಪಟ್ಟಿ ಹೊಲದ ಕೊಡು."

ನಾನು ಅಳತೆಯ ಟೇಪು ತೆಗೆದೆ. ಹಳೆಯ ರೂಢಿ ಬಾಯಿಗೆ ಬಂತು: "ಅಗಲ ಮಾಡ್ಲೇನ್ರಿ?"

ಅವನು ನನ್ನ ಕೈಯಿಂದ ಟೇಪು ತೆಗೆದುಕೊಂಡು ಮೇಜಿನ ಮೇಲಿಟ್ಟ. ಎರಡು ಬೆರಳು ಜೋಡಿಸಿ ತೋರಿಸಿದ.

"ಇಷ್ಟ ಸಣ್ಣ ಮಾಡು. ಭಾಬಿ ಕುಂಕುಮ ಹಚ್ಚಿಸಿಕೊಂಡ ಬಂದ ಜಾಗಾ ಅದು. ಎರಡೂ ಸುಳಿ ಕಾಣಬೇಕು."